ಬಿಲ್ಡ್ ಮುರಿದಾಗ: ಫ್ಲ್ಯಾಗ್, ಪ್ಯಾಚ್, ಇಲ್ಲಾ ಅಪ್‌ಸ್ಟ್ರೀಮ್?

ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ನಾನು ನೋಡಿಕೊಳ್ಳುವುದು ಒಂದೇ ಒಂದು ಸಣ್ಣ ಸಿ ಪ್ರೋಗ್ರಾಮಿನ ಪ್ಯಾಕೇಜು, ಅದೂ ಭಾನುವಾರದ ಎರಡು ಗಂಟೆಯಲ್ಲಿ. 2024ರಲ್ಲಿ ಜಿಸಿಸಿ ಎಂಬ ಕಂಪೈಲರಿನ 14ನೇ ಆವೃತ್ತಿ ಬಂತು, ಬಿಲ್ಡ್ (ಸೋರ್ಸ್‌ನಿಂದ ಪ್ರೋಗ್ರಾಮ್ ತಯಾರಿಸುವ ಕೆಲಸ) ಮುರಿಯಿತು. ಡಿಕ್ಲೇರ್ ಮಾಡದ ಫಂಕ್ಷನ್ ಕರೆದರೆ ಮೊದಲೆಲ್ಲ ಗೊಣಗಿ ಸುಮ್ಮನಾಗುತ್ತಿದ್ದ ಕಂಪೈಲರ್ ಈಗ ಎರರ್ ಕೊಟ್ಟು ನಿಲ್ಲುತ್ತದೆ. ಮೂರು ದಾರಿಯನ್ನೂ ನೋಡಿದೆ: ಎರರನ್ನು ಸಹಿಸಿಕೋ ಎಂದು ಕಂಪೈಲರ್‌ಗೆ ಹೇಳುವ ಫ್ಲ್ಯಾಗ್, ಡೆಬಿಯನ್‌ನಲ್ಲಷ್ಟೇ ಇಟ್ಟುಕೊಳ್ಳುವ ತಿದ್ದುಪಡಿ ಅಂದರೆ ಪ್ಯಾಚ್, ಇಲ್ಲಾ ತಿದ್ದುಪಡಿಯನ್ನು ಅಪ್‌ಸ್ಟ್ರೀಮ್‌ಗೆ, ಅಂದರೆ ಪ್ರೋಗ್ರಾಮಿನ ಮೂಲ ಲೇಖಕರಿಗೆ, ಕಳಿಸುವುದು. ಅಪ್‌ಸ್ಟ್ರೀಮ್‌ಗೆ ಕಳಿಸುವುದೇ ನನಗೆ ಒಗ್ಗಿದ್ದು.

ಫ್ಲ್ಯಾಗ್ ಎರಡು ನಿಮಿಷದ ಕೆಲಸ. ಬಿಲ್ಡ್ ಹೇಗೆ ಮಾಡಬೇಕೆಂದು ಹೇಳುವ ರೂಲ್ಸ್ ಫೈಲಿಗೆ ‘ಎಫ್‌ಪರ್ಮಿಸಿವ್’ ಸೇರಿಸಿದೆ, ಬಿಲ್ಡ್ ಆಯಿತು, ಪ್ರೋಗ್ರಾಮಿನಲ್ಲಿ ಏನೋ ಹುಡುಕಲು ಹೋದರೆ ಕ್ರ್ಯಾಶ್. ಡಿಕ್ಲರೇಷನ್ ಇಲ್ಲದ ಫಂಕ್ಷನ್ ಇಂಟ್ (32 ಬಿಟ್ ಪೂರ್ಣಾಂಕ) ಕೊಡುತ್ತದೆ ಅಂತ ಕಂಪೈಲರ್ ಅಂದುಕೊಳ್ಳುತ್ತದೆ. ಇಲ್ಲಿ ವಾಪಸ್ ಬರುವುದು ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ. 64 ಬಿಟ್‌ನ ವಿಳಾಸದಲ್ಲಿ ಅರ್ಧ ಕತ್ತರಿಸಿಹೋಗಿತ್ತು. ಇದೇ ಕ್ರ್ಯಾಶ್ ಬಗ್ಗೆ ಹಿಂದೆ ಒಬ್ಬರು ದೂರು ಕೊಟ್ಟಿದ್ದರು. ‘ನನ್ನಲ್ಲಿ ಸರಿಯಿದೆ’ ಎಂದು ಮುಚ್ಚಿದ್ದವನು ನಾನೇ. ನನ್ನ ಹಳೇ 32 ಬಿಟ್ ಮಷೀನಿನಲ್ಲಿ ಸರಿಯಿರದೆ ಇನ್ನೇನು!

ಪ್ಯಾಚ್ ನಮ್ಮಲ್ಲೇ ಇಟ್ಟುಕೊಂಡರೆ? ತಲೆನೋವು ಇಲ್ಲೇ. ಬೇಕಿದ್ದುದು ಫೈಲಿನ ತಲೆಯಲ್ಲಿ ಒಂದು ಡಿಫೈನ್, ಆ ಫಂಕ್ಷನ್ನಿನ ಡಿಕ್ಲರೇಷನ್ ಸಿಗುವಂತೆ ಮಾಡುವ ಸಾಲು. ಅದರ ಒಂದೆರಡು ಸಾಲು ಕೆಳಗೆ ಕಾಪಿರೈಟ್ ಸಾಲು, ಅದರಲ್ಲಿ ಇಸವಿ. ಹೊಸ ವರ್ಷದ ಮೊದಲ ರಿಲೀಸಿನಲ್ಲಿ ಲೇಖಕರು ಇಸವಿ ಬದಲಿಸಿದರು, ನನ್ನ ಪ್ಯಾಚ್ ಕೂರಲಿಲ್ಲ. ಪ್ಯಾಚ್ ಕಮಾಂಡ್ ಬರಿದೇ ಓಡಿಸಿದರೆ ಇಷ್ಟು ವ್ಯತ್ಯಾಸವನ್ನು ಸಹಿಸಿಕೊಳ್ಳುತ್ತದೆ. ಡೆಬಿಯನ್‌ನ ಪ್ಯಾಕೇಜ್ ಕಟ್ಟುವ ಡಿಪಿಕೆಜಿ-ಸೋರ್ಸ್ ಒಂದಕ್ಷರವೂ ಸಹಿಸುವುದಿಲ್ಲ. ಒಂದು ಸಾಲಿನ ತಿದ್ದುಪಡಿಗೆ ಇಡೀ ಭಾನುವಾರ ಪ್ಯಾಚ್‌ಗಳನ್ನು ನಿಭಾಯಿಸುವ ಕ್ವಿಲ್ಟ್ ಜತೆ ಗುದ್ದಾಟ.

ಇನ್ನೊಂದು ಭಯ ಹಳೆಯದು: ನಮ್ಮಲ್ಲೇ ಇಟ್ಟುಕೊಂಡ ಪ್ಯಾಚಿನ ತಪ್ಪು ಬೇಗ ಯಾರ ಕಣ್ಣಿಗೂ ಬೀಳದು. 2006ರಲ್ಲಿ ಡೆಬಿಯನ್ ತನ್ನಲ್ಲಿದ್ದ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ವಾರ್ನಿಂಗ್ ಹೋಗಲಾಡಿಸಲು ಸಾಲು ತೆಗೆದಿತ್ತು. ಅದರಿಂದ ತಯಾರಾದ ಕೀಗಳೆಲ್ಲ ಊಹಿಸುವಷ್ಟು ದುರ್ಬಲವಾಗಿವೆ ಎಂದು ಬಯಲಾದದ್ದು 2008ರಲ್ಲಿ.

ಅಪ್‌ಸ್ಟ್ರೀಮ್‌ಗೆ ಕಳಿಸಿದ್ದಕ್ಕೆ ಆರು ವಾರ ಉತ್ತರವಿಲ್ಲ. ಕೊನೆಗೆ ಬಂತು: ‘ಈ ಫಂಕ್ಷನ್ ಎಲ್ಲ ಸಿಸ್ಟಮ್‌ನಲ್ಲೂ ಇರುವುದಿಲ್ಲ, ಕಾನ್ಫಿಗರ್‌ನಲ್ಲೂ ಪರೀಕ್ಷೆ ಸೇರಿಸಿ.’ ಕಾನ್ಫಿಗರ್ ಅಂದರೆ ಬಿಲ್ಡಿಗೆ ಮೊದಲು ಸಿಸ್ಟಮ್‌ನಲ್ಲಿ ಏನೇನಿದೆ ಎಂದು ನೋಡುವ ಸ್ಕ್ರಿಪ್ಟ್. ಆ ಪರೀಕ್ಷೆ ನನಗೆ ಹೊಳೆದೇ ಇರಲಿಲ್ಲ. ಕಾಯುವಷ್ಟು ದಿನ ಪ್ಯಾಚ್ ನಮ್ಮಲ್ಲೇ ಇತ್ತು, ಅಪ್‌ಸ್ಟ್ರೀಮ್‌ಗೆ ಕಳಿಸಿದೆ ಎಂದು ಹೇಳುವ ‘ಫಾರ್ವರ್ಡೆಡ್’ ಸಾಲಿನಲ್ಲಿ ಲಿಂಕ್ ಸಮೇತ.

ಲೇಖಕರು ವರ್ಷಗಳಿಂದ ಪತ್ತೆಯಿಲ್ಲದ ಪ್ರೋಗ್ರಾಮ್ ಆಗಿದ್ದರೆ ನಾನೂ ಪ್ಯಾಚ್ ಹೊತ್ತುಕೊಂಡೇ ಇರುತ್ತಿದ್ದೆ. ನನ್ನದು ಹಾಗಲ್ಲ. ತಿದ್ದುಪಡಿ ಸೇರಿದ ಮುಂದಿನ ರಿಲೀಸ್ ಬಂದ ಭಾನುವಾರ, ಪ್ಯಾಚ್‌ಗಳ ಪಟ್ಟಿಯಾದ ಸೀರೀಸ್ ಫೈಲಿನಲ್ಲಿದ್ದ ಆ ಒಂದೇ ಸಾಲು ಅಳಿಸಿದೆ. ಹತ್ತು ನಿಮಿಷದಲ್ಲಿ ಅಪ್‌ಲೋಡ್ ಮುಗಿಯಿತು.