ಆರು ಮಳೆಗಾಲ ಕಂಡ ರೋಡ್ ಬೈಕ್

ಇದು ನನ್ನ ಎರಡನೆಯ ರೋಡ್ ಬೈಕ್, ಅಂದರೆ ಸಪೂರ ಟೈರಿನ, ಕೆಳಕ್ಕೆ ಬಾಗಿದ ಹ್ಯಾಂಡಲಿನ ವೇಗದ ಸೈಕಲ್. ಮೊದಲನೆಯದನ್ನು 2019ರ ಫೆಬ್ರವರಿಯಲ್ಲಿ ಕೊಂಡು, ಎಂಟೇ ತಿಂಗಳಲ್ಲಿ ಮಾರಿದೆ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನಗಿಂತ ನಾಲ್ಕು ಬೆರಳು ಎತ್ತರದ ಯಾರಿಗೋ ಹುಟ್ಟಿದ ಸೈಕಲ್ ಅದು, ತಪ್ಪಿ ನನ್ನ ಮನೆಗೆ ಬಂದಿತ್ತು.

ಅಂಗಡಿಯಲ್ಲಿ ಉಳಿದದ್ದು 56 ಸೆಂಟಿಮೀಟರ್ ಅಳತೆಯ ಫ್ರೇಮ್ ಒಂದೇ. ನನ್ನ ಎತ್ತರ 168 ಸೆಂಟಿಮೀಟರ್. 'ಸೀಟು ತಗ್ಗಿಸಿ ಕೊಡುತ್ತೇನೆ ಸರ್, ಓಡಿಸುತ್ತ ಓಡಿಸುತ್ತ ಅಭ್ಯಾಸವಾಗುತ್ತದೆ' ಎಂದು ಮಾರುವ ಹುಡುಗ ಹೇಳಿದ. ಸೀಟನ್ನು ತಗ್ಗಿಸಬಹುದು ನಿಜ. ಸೀಟಿಗೂ ಹ್ಯಾಂಡಲ್‌ಗೂ ನಡುವಿನ ದೂರವನ್ನು ಯಾರು ತಗ್ಗಿಸುತ್ತಾರೆ? ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಹೊರಟು ಸೀತಾಂಗೋಳಿ ತಲಪುವಷ್ಟರಲ್ಲಿ ಅಂಗೈ ಜೋಮು ಹಿಡಿಯುತ್ತಿತ್ತು, ಕುತ್ತಿಗೆ ಕಲ್ಲಾಗುತ್ತಿತ್ತು. ನಾನೇ ಜಾಣತನ ಮಾಡಿ ಸೀಟನ್ನು ಪೂರಾ ಮುಂದಕ್ಕೆ ತಳ್ಳಿದೆ. ಕುತ್ತಿಗೆಯ ನೋವು ಇಳಿದು ಮಂಡಿಗೆ ಬಂತು. ಸೀಟು ತೀರಾ ಮುಂದಿದ್ದರೆ ಅಥವಾ ತಗ್ಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ, ಎತ್ತರ ಹೆಚ್ಚಾದರೆ ಮಂಡಿಯ ಹಿಂಭಾಗ. ಈ ಪಾಠಕ್ಕೆ ನಾನು ತೆತ್ತ ಶುಲ್ಕ, ಮಾರುವಾಗ ಕಳೆದುಕೊಂಡ ಒಂಬತ್ತು ಸಾವಿರ ರೂಪಾಯಿ.

ಎರಡನೆಯ ಸಲ ಕೊಳ್ಳುವ ಮೊದಲು ಅಳತೆ ಮಾಡಿದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಸಂದಿಗೆ ಸೀಟಿನಂತೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಟೇಪು ಇಳಿಬಿಡಬೇಕು. ನಾನು ಶಾಲೆಯ ಹಳೆಯ ಹಾಜರಿ ಪುಸ್ತಕವನ್ನು ಬಳಸಿದೆ, ಟೇಪು ಹಿಡಿದ ತಂಗಿಗೆ ನಗು ತಡೆಯಲಾಗಲಿಲ್ಲ. ಬಂದದ್ದು 77 ಸೆಂಟಿಮೀಟರ್. ಅದನ್ನು 0.67ರಿಂದ ಗುಣಿಸಿದರೆ ಫ್ರೇಮಿನ ಅಂದಾಜು ಅಳತೆ 51.6, ಅಂದರೆ 52. ಅದೇ 77ನ್ನು 0.883ರಿಂದ ಗುಣಿಸಿದರೆ 68. ಎರಡೂ ಪೆಡಲ್‌ಗಳನ್ನು ತಿರುಗಿಸುವ, ಫ್ರೇಮಿನೊಳಗಿನ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗಿನ ಎತ್ತರ ಅದು. ಲೆಕ್ಕ ಬೇಡವೆನ್ನುವವರು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಕ್ಕೆ ತುಳಿದು ನೋಡಲಿ. ಸೊಂಟ ವಾಲದೆ ಕಾಲು ನೇರವಾದರೆ ಎತ್ತರ ಸರಿಯಾಗಿದೆ ಎಂದು ತಿಳಿಯಬಹುದು.

ಆದರೆ ಫ್ರೇಮಿನ ಮೇಲೆ ಬರೆದ ಸಂಖ್ಯೆಯನ್ನು ನೆಚ್ಚಿಕೊಳ್ಳಬೇಡಿ. ಈಗಿನ ಫ್ರೇಮುಗಳ ಮೇಲಿನ ಕೊಳವೆ ಹಿಂದಕ್ಕೆ ಇಳಿಜಾರಾಗಿರುತ್ತದೆ. ಹಾಗಾಗಿ ಒಬ್ಬರ 52 ಇನ್ನೊಬ್ಬರ 54 ಆಗಬಹುದು. ಕಂಪನಿ ಕೊಡುವ ಅಳತೆಪಟ್ಟಿಯಲ್ಲಿ ಮೇಲಿನ ಕೊಳವೆಯನ್ನು ನೆಲಕ್ಕೆ ಸಮಾನಾಂತರವಾಗಿ ಅಳೆದ ಉದ್ದವನ್ನು ನೋಡಬೇಕು. ನನ್ನ ಎರಡು ಸೈಕಲ್‌ಗಳ ನಡುವೆ ಅದರಲ್ಲಿ ಮೂರೂವರೆ ಸೆಂಟಿಮೀಟರ್ ವ್ಯತ್ಯಾಸವಿತ್ತು. ಮೂರೂವರೆ ಸೆಂಟಿಮೀಟರ್ ಎಂದರೆ ಏನು ಮಹಾ ಎನ್ನುವವರು ಒಂದು ವಾರ ಆ ಸೈಕಲ್ ತುಳಿಯಬೇಕಿತ್ತು.

ಈಗಿನದು ಅಲ್ಯೂಮಿನಿಯಂ ಫ್ರೇಮ್, ಮುಂದೆ ಪೆಡಲ್ ಬಳಿ 50 ಮತ್ತು 34 ಹಲ್ಲಿನ ಎರಡು ಹಲ್ಲುಚಕ್ರ, ಹಿಂದೆ ಶಿಮಾನೊ ಕಂಪನಿಯ ಕ್ಲಾರಿಸ್ ಎಂಬ ಮಾದರಿಯ ಎಂಟು ಗೇರ್. ಬೆಲೆ 27,500 ರೂಪಾಯಿ. ಆರು ವರ್ಷಗಳಲ್ಲಿ ಸುಮಾರು 18,000 ಕಿಲೋಮೀಟರ್ ಓಡಿದೆ. ನಿತ್ಯದ ದಾರಿ ಬದಿಯಡ್ಕ, ನೀರ್ಚಾಲು, ಸೀತಾಂಗೋಳಿ, ಕುಂಬಳೆ. ರಜೆ ಇದ್ದರೆ ಉಕ್ಕಿನಡ್ಕದ ಮೇಲಾಗಿ ಪೆರ್ಲ. ಕುಂಬಳೆಯಲ್ಲಿ ಹಾದುಹೋಗುವ ಹೆದ್ದಾರಿ ಆರು ಪಥದ್ದಾದ ಮೇಲೆ ಆ ಕಡೆ ಸೈಕಲ್‌ಗೆ ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಎದುರಿನಿಂದಲೂ ವಾಹನ ಬರುವುದರಿಂದ ನಾನು ಕುಂಬಳೆಯಿಂದಲೇ ಹಿಂದಿರುಗುತ್ತೇನೆ.

ನಮ್ಮ ಕಡೆ ಸಮತಟ್ಟಾದ ರಸ್ತೆ ಎಂಬುದಿಲ್ಲ. ಒಂದು ಗುಡ್ಡೆ ಹತ್ತಿ ಬಯಲಿಗೆ ಇಳಿದು, ತೋಡು ದಾಟಿ ಮತ್ತೊಂದು ಗುಡ್ಡೆ. ಸೈಕಲ್ ಜೊತೆಗೆ ಬಂದ ಹಿಂದಿನ ಅತಿ ದೊಡ್ಡ ಹಲ್ಲುಚಕ್ರ 28 ಹಲ್ಲಿನದು, ಪೆರ್ಲದ ಏರುಗಳಲ್ಲಿ ನಾನು ಇಳಿದು ತಳ್ಳಿದ್ದುಂಟು. ಏರು ಹಗುರಾಗಲೆಂದು ಅದನ್ನು 32ಕ್ಕೆ ಬದಲಿಸಿದೆ. ನನ್ನ ಗೇರ್ ತಾಳುವ ಮಿತಿ ಅಷ್ಟೇ. ಕಾಲಿಗೆ ವಯಸ್ಸಾದುದನ್ನು ಹಲ್ಲು ಮುಚ್ಚಿಕೊಂಡಿತು.

ಇನ್ನು ಮಳೆಯ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಸರಗೋಡಿನಲ್ಲಿ ಸುರಿಯುವ ಮಳೆಯನ್ನು ಈ ಸೈಕಲ್ ವಿನ್ಯಾಸ ಮಾಡಿದವರು ಕನಸಿನಲ್ಲೂ ಕಂಡಿರಲಾರರು. ಮಳೆಗಿಂತ ಕೆಟ್ಟದ್ದು ಮುರಕಲ್ಲಿನ ಕೆಂಪು ಕೆಸರು. ಮೊದಲ ವರ್ಷ ನಾನು ಚೈನಿಗೆ ತೆಂಗಿನೆಣ್ಣೆ ಹಾಕಿದೆ. ನಮ್ಮಲ್ಲಿ ತಲೆನೋವಿನಿಂದ ಹಿಡಿದು ಬಾಗಿಲ ತಿರುಗಣಿಯವರೆಗೆ ಎಲ್ಲದಕ್ಕೂ ಅದೇ ಮದ್ದಲ್ಲವೇ? ಎಣ್ಣೆ ಅಂಟಾಯಿತು, ಕೆಂಪು ಧೂಳು ಅದಕ್ಕೆ ಹತ್ತಿತು, ಎರಡೂ ಸೇರಿ ಸಾಣೆಯ ಕೆಲಸ ಮಾಡಿದವು. ಎರಡು ಸಾವಿರ ಕಿಲೋಮೀಟರ್ ಆಗುವ ಮೊದಲೇ ಚೈನು ಮುಗಿದಿತ್ತು. ನನಗೆ ಗೊತ್ತಾಗುವಷ್ಟರಲ್ಲಿ ಹಿಂದಿನ ಹಲ್ಲುಚಕ್ರಗಳನ್ನೂ ತಿಂದು ಹಾಕಿತ್ತು.

ಚೈನು ಸವೆದದ್ದು ಕಣ್ಣಿಗೆ ಕಾಣುವುದಿಲ್ಲ, ಸ್ಕೇಲಿಗೆ ಕಾಣುತ್ತದೆ. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಇಪ್ಪತ್ತನಾಲ್ಕನೆಯ ಪಿನ್ನಿನ ನಡುವಿಗೆ ಸರಿಯಾಗಿ ಹನ್ನೆರಡು ಇಂಚು. ಎಣಿಸುವಾಗ ಮೊದಲ ಪಿನ್ನನ್ನು ಸೊನ್ನೆ ಎಂದೇ ಹಿಡಿಯಬೇಕು. ಅದು ಒಂದು ಇಂಚಿನ ಹದಿನಾರನೆಯ ಒಂದು ಭಾಗ ಹಿಗ್ಗಿದೆ ಎಂದಾದರೆ ಹೊಸ ಚೈನು ತರಬೇಕು. ಎಂಟನೆಯ ಒಂದು ಭಾಗ ಹಿಗ್ಗುವವರೆಗೆ ಕಾದರೆ ಹಲ್ಲುಚಕ್ರವನ್ನೂ ತರಬೇಕು. ನನಗೆ ಚೈನು 850 ರೂಪಾಯಿಗೆ ಸಿಗುತ್ತದೆ, ಹಲ್ಲುಚಕ್ರದ ಕಟ್ಟು 1,500ಕ್ಕೆ. ಆಮೇಲಿನ ನಾಲ್ಕು ಚೈನುಗಳು ಹೆಚ್ಚು ಕಾಲ ಬಾಳಿವೆ. ಮಳೆಯಲ್ಲಿ ನೆನೆದು ಬಂದ ದಿನ ಹಳೆಯ ಬಟ್ಟೆಯಿಂದ ಒರೆಸಿ, ಚೈನಿಗೆಂದೇ ಮಾರುವ ಎಣ್ಣೆಯನ್ನು ಒಂದೊಂದು ಕೊಂಡಿಗೆ ಒಂದು ಹನಿಯಂತೆ ಬಿಟ್ಟು, ಮೇಲಿನದನ್ನು ಮತ್ತೆ ಒರೆಸುತ್ತೇನೆ. ಎಣ್ಣೆ ಇರಬೇಕಾದದ್ದು ಕೊಂಡಿಯ ಒಳಗೆ. ಹೊರಗೆ ಉಳಿದದ್ದು ಕೆಸರಿಗೆ ಕೊಟ್ಟ ಆಮಂತ್ರಣ.

ಬ್ರೇಕಿನ ರಬ್ಬರಿಗೂ ಇದೇ ಕೆಸರಿನ ಕಾಟ. ಮುರಕಲ್ಲಿನ ಚೂರುಗಳು ರಬ್ಬರಿನಲ್ಲಿ ಕೂತು ರಿಮ್ಮನ್ನು ಗೀರುತ್ತವೆ. ಬ್ರೇಕು ಹಿಡಿದಾಗ ಕರಕರ ಸದ್ದು ಬಂದರೆ ಚಕ್ರ ಕಳಚಿ, ಗುಂಡುಸೂಜಿಯಿಂದ ಚೂರುಗಳನ್ನು ಕಿತ್ತು ತೆಗೆಯಬೇಕು. ಸೀಟಿನ ಕಂಬವನ್ನು ವರ್ಷಕ್ಕೊಮ್ಮೆ ಹೊರಗೆಳೆದು ಗ್ರೀಸ್ ಸವರಬೇಕು, ಇಲ್ಲವಾದರೆ ಒಳಗೇ ಕಚ್ಚಿಕೊಳ್ಳುತ್ತದೆ. ಹೀಗೆ ಎಳೆದಾಗ ಸೈಕಲ್ಲನ್ನು ತಲೆಕೆಳಗಾಗಿಸಿ ನೋಡಿ. ಎರಡನೆಯ ವರ್ಷ ನನ್ನ ಫ್ರೇಮಿನೊಳಗಿಂದ ಅರ್ಧ ಲೋಟ ಕೆಂಪು ನೀರು ಬಂತು, ಪೆಡಲ್ ಅಚ್ಚಿನ ಬೇರಿಂಗ್ ಹೋದದ್ದು ಯಾಕೆಂದು ಆಗ ತಿಳಿಯಿತು.

ಗಾಳಿಯದ್ದು ಬೇರೆಯೇ ಕತೆ. ಪೇಟೆಯ ಪಂಕ್ಚರ್ ಅಂಗಡಿಯ ಹಿರಿಯರನ್ನು ನಾವೆಲ್ಲ ಇಚ್ಚ ಎಂದೇ ಕರೆಯುವುದು. ಟ್ಯೂಬಿನ ಸಪೂರ ಮೂತಿಯನ್ನು ತಿರುಗಿಸಿ ತಿರುಗಿಸಿ ನೋಡಿ, 'ಮಾಸ್ತರೇ, ಇದು ಸೂಜಿಯೋ ಟ್ಯೂಬೋ?' ಎಂದು ಕೇಳಿದರು. ಪ್ರೆಸ್ಟಾ ಎಂಬ ಈ ವಾಲ್ವಿಗೆ ಮೋಟಾರ್ ಸೈಕಲ್‌ಗೆ ಗಾಳಿ ಹಾಕುವ ಕೊಳವೆ ಕೂರುವುದಿಲ್ಲ. ಬೆರಳ ತುದಿಯಷ್ಟು ದೊಡ್ಡ ಹಿತ್ತಾಳೆಯ ಜೋಡಣೆಯೊಂದನ್ನು ಮುಂಚಿತವಾಗಿ ಸಿಕ್ಕಿಸಿದರೆ ಕೂರುತ್ತದೆ. ಒಂದನ್ನು ಸೀಟಿನ ಕೆಳಗಿನ ಚೀಲದಲ್ಲಿಟ್ಟೆ, ಇನ್ನೊಂದನ್ನು ಇಚ್ಚನಿಗೇ ಕೊಟ್ಟೆ. ಈಗ ಪೇಟೆಯ ಇಂಥ ಸೈಕಲ್‌ಗಳೆಲ್ಲ ಅವರಲ್ಲಿಗೇ ಬರುತ್ತವೆ.

ಟೈರುಗಳನ್ನೂ 25 ಮಿಲಿಮೀಟರಿನಿಂದ 28ಕ್ಕೆ ಬದಲಿಸಿದೆ. ಕೊಳ್ಳುವ ಮೊದಲು ಬ್ರೇಕಿನ ನಡುವೆ ಅಷ್ಟು ಜಾಗ ಇದೆಯೇ ಎಂದು ನೋಡಿಕೊಳ್ಳಬೇಕು. ನನ್ನ ತೂಕ 64 ಕಿಲೋ, ಹಿಂದಿನ ಟೈರಿಗೆ 80 ಪಿಎಸ್‌ಐ ಒತ್ತಡದ ಗಾಳಿ, ಮುಂದಿನದಕ್ಕೆ 70 ಹಾಕುತ್ತೇನೆ. ಮೊದಲು ಟೈರಿನ ಬದಿಯಲ್ಲಿ ಬರೆದ ಗರಿಷ್ಠವನ್ನೇ ತುಂಬಿಸುತ್ತಿದ್ದೆ. ಪ್ರತಿಯೊಂದು ಹೊಂಡವೂ ಹಲ್ಲಿಗೆ ಬಡಿಯುತ್ತಿತ್ತು.

ಸರಿಯಾದ ಅಳತೆಯ ಈ ಸೈಕಲ್‌ನಲ್ಲೂ ಒಂದು ದೋಷವಿದೆ, ಅದು ಅಳತೆಯಿಂದಲೇ ಬಂದದ್ದು. ಫ್ರೇಮ್ ಚಿಕ್ಕದಾದರೂ ಚಕ್ರ ಚಿಕ್ಕದಾಗುವುದಿಲ್ಲ. ನಿಧಾನವಾಗಿ ತಿರುಗುವಾಗ ಕಾಲಿನ ಬೆರಳು ಮುಂದಿನ ಚಕ್ರಕ್ಕೆ ತಾಗುತ್ತದೆ. ಹೀಗೆ ತಾಗಿ ಮನೆಯ ಓಣಿಯಲ್ಲೇ ಬಲಕ್ಕೆ ಬಿದ್ದೆ, ಹಿಂದಿನ ಗೇರು ತೂಗುವ ಅಲ್ಯೂಮಿನಿಯಂ ಕೊಕ್ಕೆ ಬಾಗಿತು. ಫ್ರೇಮು ಉಳಿಯಲೆಂದು ಮೊದಲು ಬಾಗುವ ಬಲಿಪಶು ಅದು. ಒಂದೊಂದು ಸೈಕಲ್‌ಗೆ ಒಂದೊಂದು ಆಕಾರ ಇರುವುದರಿಂದ ಹೊಸತು ಬರಲು ಹದಿನೆಂಟು ದಿನ ಹಿಡಿಯಿತು. ಕೊಳ್ಳುವ ದಿನವೇ ಹೆಚ್ಚಿಗೆ ಒಂದನ್ನು ಕೇಳಿ ತೆಗೆದುಕೊಳ್ಳಿ. ಮಡ್‌ಗಾರ್ಡ್ ಕೂರಿಸಲು ತೂತುಗಳಿಲ್ಲ ಎಂಬುದು ಇನ್ನೊಂದು ಕೊರತೆ. ಮಳೆಗಾಲ ಪೂರ್ತಿ ನನ್ನ ಬೆನ್ನಿಗೆ ಕೆಂಪು ಪಟ್ಟೆ.

ಟೈರು, ಟ್ಯೂಬು, ಚೈನು, ಕೇಬಲ್, ಪಂಪು ಎಲ್ಲ ಸೇರಿ ಈವರೆಗೆ 24,000 ರೂಪಾಯಿಯಷ್ಟು ಖರ್ಚಾಗಿದೆ. ಸೈಕಲ್‌ನ ಬೆಲೆಗೆ ಹತ್ತಿರ ಹತ್ತಿರ. ಕಡಿಮೆ ಬೆಲೆಯದು ಎಂದು ಕೊಂಡವರು ಈ ಲೆಕ್ಕವನ್ನೂ ಮನೆಯಲ್ಲಿ ಹೇಳಿಟ್ಟಿರುವುದು ಕ್ಷೇಮ.

ಕಳೆದ ತಿಂಗಳು ತಂಗಿಯ ಮಗ ಬಂದು, 'ಮಾವ, ಇದನ್ನು ನನಗೆ ಕೊಡುತ್ತೀರಾ?' ಎಂದು ಕೇಳಿದ. ನಾನು ಮೊದಲನೆಯದನ್ನು ಮಾರಿದಾಗ ಅವನಿಗೆ ಹನ್ನೊಂದು ವರ್ಷ, ಈಗ ನನ್ನನ್ನು ಮೇಲಿನಿಂದ ನೋಡುತ್ತಾನೆ. ಹಾಜರಿ ಪುಸ್ತಕ ತೆಗೆದು ಗೋಡೆಗೆ ನಿಲ್ಲಿಸಿದೆ. 84 ಬಂತು. 0.67ರಿಂದ ಗುಣಿಸಿದರೆ 56.