1582ರ ಸಿಕ್ಸ್‌ಪೆನ್ಸ್: ಎಲ್ಲ ಸರಿಯಿತ್ತು, ನಾಣ್ಯ ಮಾತ್ರ ನಕಲಿ

ಇಂಗ್ಲೆಂಡಿನಲ್ಲಿ ಹಳೇ ಸಾಮಾನಿನ ಸಂತೆಯೊಂದರಲ್ಲಿ 90 ಪೌಂಡ್ ಕಳೆದುಕೊಂಡಿದ್ದೇನೆ. ನಮ್ಮವರಲ್ಲೂ ನಾಣ್ಯದ ಹುಚ್ಚಿನವರಿದ್ದಾರಲ್ವಾ, ಅವರಿಗಾಗಿ ಇದು.

ಕೊಂಡಿದ್ದು ಒಂದನೇ ಎಲಿಜಬೆತ್ ರಾಣಿಯ ಬೆಳ್ಳಿ ಸಿಕ್ಸ್‌ಪೆನ್ಸ್, ಅಂದರೆ ಆರು ಪೆನ್ನಿಯ ನಾಣ್ಯ. ಓದಿಕೊಂಡೇ ಹೋಗಿದ್ದೆ. ರಾಣಿಯ ತಲೆಯ ಹಿಂದೆ ಗುಲಾಬಿ ಇರಬೇಕು, ಅದರ ಎರಡರಷ್ಟು ಬೆಲೆಯ ಶಿಲ್ಲಿಂಗಿಗೆ ಅದಿಲ್ಲ. ಇತ್ತು. ಹಿಂಬದಿಯಲ್ಲಿ ಗುರಾಣಿ, ಅದರ ಮೇಲೆ ಇಸವಿ. ಅದೂ ಇತ್ತು, 1582. ನಾಣ್ಯ ಯಾವಾಗಿನದೆಂದು ತಿಳಿಯಲು ಟಂಕಸಾಲೆಯವರು ಒತ್ತುತ್ತಿದ್ದ ಪುಟ್ಟ ಗುರುತುಗಳಲ್ಲಿ ಕತ್ತಿ, ಗಂಟೆ ಆ ವರ್ಷದವು. ಪುಟ್ಟ ಕತ್ತಿ ಕಂಡಿತು. ಇನ್ನೇನು ಬೇಕು? ದುಡ್ಡು ಎಣಿಸಿ ಕೊಟ್ಟೆ. ರಸೀದಿ ಕೇಳಲಿಲ್ಲ.

ತಿಂಗಳಾದ ಮೇಲೆ ಅದೇ ಸಂತೆ, ಬೇರೆ ಮೇಜು. ಅಲ್ಲೂ ಒಂದು 1582. ರಾಣಿಯ ಮೂಗಿನ ಮುಂದೆ ಅಂಚು ಚೂರು ಒಡೆದಿತ್ತು. ನನ್ನದರಲ್ಲೂ ಅಲ್ಲೇ ಒಡೆದಿದೆ. ಗುರಾಣಿಯ ಮೇಲೆ ಅಡ್ಡ ಗೀರು, ಅದೂ ಅಲ್ಲೇ. ಎದೆ ಧಸಕ್ಕೆಂದಿತು.

ಆ ಕಾಲದ ನಾಣ್ಯ ಬಹುಪಾಲು ಸುತ್ತಿಗೆಯಲ್ಲಿ ಬಡಿದು ಮಾಡಿದ್ದು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಬೆಳ್ಳಿ ಬಿಲ್ಲೆ. ಅಚ್ಚು ಒಂದೇ ಆದರೂ ಬಿಲ್ಲೆಯ ಆಕಾರ, ಏಟು ಬಿದ್ದ ರೀತಿ ಬೇರೆಬೇರೆ. ಒಡಕೂ ಗೀರೂ ಎರಡಕ್ಕೂ ಒಂದೇ ಥರ ಬರುವುದು ಹೇಗೆ? ಯಾರೋ ಅಸಲಿ ನಾಣ್ಯವೊಂದರಿಂದ ಅಚ್ಚು ತೆಗೆದು ಎರಕ ಹೊಯ್ದಿದ್ದಾರೆ. ಗುಲಾಬಿ, ಇಸವಿ, ಕತ್ತಿ ಎಲ್ಲ ಸರಿಯಿದ್ದದ್ದೂ ಅದಕ್ಕೇ.

ಮನೆಗೆ ಬಂದು ಭೂತಗನ್ನಡಿ ಹಿಡಿದೆ. ಅಂಚಿನ ಸುತ್ತ, ಎರಕದ ಅಚ್ಚಿನ ಎರಡು ಭಾಗ ಕೂಡುವಲ್ಲಿ ಬೀಳುವ ಕೂದಲೆಳೆಯಂಥ ಗೆರೆ, ಅದನ್ನು ಅರದಿಂದ ಉಜ್ಜಿದ ಗುರುತು. ಅಕ್ಷರಗಳ ಸಂದಿಯಲ್ಲಿ, ಎರಕದ ಗಾಳಿಗುಳ್ಳೆ ಬಿಟ್ಟುಹೋದ ಸೂಜಿಮೊನೆಯಷ್ಟು ಗುಳಿಗಳು. ತೂಕ 2.3 ಗ್ರಾಂ, ಅಸಲಿ ಸುಮಾರು 3 ಗ್ರಾಂ ಇರಬೇಕು. ಹಾಗಂತ ತೂಕವನ್ನಷ್ಟೇ ನಂಬಬೇಡಿ. ಆಗಿನ ಜನ ಅಂಚು ಕತ್ತರಿಸಿ ಬೆಳ್ಳಿ ಕದಿಯುತ್ತಿದ್ದರು, ಅಸಲಿಯೂ ಹಗುರವಾಗಿರಬಹುದು. ಅಂಚನ್ನು ತಿರುಗಿಸಿ ತಿರುಗಿಸಿ ನೋಡಿ. ಅದೇ ಇಸವಿಯ ಬೇರೆ ನಾಣ್ಯಗಳ ಫೋಟೋ ಪಕ್ಕದಲ್ಲಿಟ್ಟುಕೊಂಡು, ಅವಳಿ ಸಿಗುತ್ತದಾ ಅಂತ ಹುಡುಕಿ.

ಇದೇ ರಾಣಿಗೆ ಯಂತ್ರದಲ್ಲಿ ನಾಣ್ಯ ಮಾಡಿಕೊಟ್ಟ ಎಲೊಯ್ ಮೆಸ್ಟ್ರೆಲ್‌ನನ್ನು ಖೋಟಾ ನಾಣ್ಯದ ಅಪರಾಧಕ್ಕೆ 1578ರಲ್ಲಿ ಗಲ್ಲಿಗೇರಿಸಿದರು. ದುಡ್ಡು ವಾಪಸ್ ಕೇಳಲು ಹೋದಾಗ ನನಗೆ ಮಾರಿದವನು ಮಾತ್ರ ಆರಾಮಾಗಿ ಟೀ ಕುಡಿಯುತ್ತಿದ್ದ. "ನನ್ನ ಹತ್ತಿರವೇ ಕೊಂಡಿದ್ದು ಅನ್ನೋದಕ್ಕೆ ಏನು ಸಾಕ್ಷಿ?" ಅಂದ. ನನ್ನ ಹತ್ತಿರ ಉತ್ತರವಿರಲಿಲ್ಲ. ಈಗ, ನಕಲಿಯಾದರೆ ದುಡ್ಡು ವಾಪಸ್ ಅಂತ ರಸೀದಿಯಲ್ಲಿ ಬರೆದುಕೊಡದವರ ಮೇಜಿನ ಮುಂದೆ ನಿಲ್ಲುವುದೂ ಇಲ್ಲ.