ಡೊಂಬಿವಲಿಯಲ್ಲಿ ಐದು ತಿಂಗಳು ಪಡೆದ ಒಡನಾಟದ ಸೇವೆ

ಅಪ್ಪನಿಗೆ ಈಗ 78 ವರ್ಷ. ಮುಂಬಯಿಯ ಫೋರ್ಟ್ ಪ್ರದೇಶದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ನಾಲ್ಕು ದಶಕ ಕುಳಿತವರು ಅವರು. ಅಮ್ಮ ತೀರಿಕೊಂಡ ಮೇಲೆ ಮುಂಬಯಿ ಹೊರವಲಯದ ಡೊಂಬಿವಲಿ ಪೂರ್ವದಲ್ಲಿ ಲಿಫ್ಟಿಲ್ಲದ ಕಟ್ಟಡವೊಂದರ ಮೂರನೆಯ ಮಾಳಿಗೆಯಲ್ಲಿ ಒಬ್ಬರೇ ಇದ್ದಾರೆ. ನನ್ನ ಕೆಲಸ ಪುಣೆಯಲ್ಲಿ. ವಾರಾಂತ್ಯಕ್ಕೆ ಮಾತ್ರ ಮನೆ ಸೇರುವ ಮಗನ ಅಪರಾಧಪ್ರಜ್ಞೆಗೆ ಮಾರುಕಟ್ಟೆಯಲ್ಲಿ ಈಗ ಒಂದು ಮದ್ದು ಸಿಗುತ್ತದೆ: ಹಿರಿಯರಿಗೆ ಒಡನಾಡಿಯನ್ನು ಕಳುಹಿಸುವ ಚಂದಾ ಸೇವೆ. ತಿಂಗಳಿಗೆ 6,500 ರೂಪಾಯಿಗೆ ವಾರಕ್ಕೆ ಎರಡು ಭೇಟಿ, ಪ್ರತಿ ಭೇಟಿಯೂ ಎರಡು ಗಂಟೆ, ಹಗಲುರಾತ್ರಿ ಎತ್ತುವ ಒಂದು ಫೋನ್ ಸಂಖ್ಯೆ ಮತ್ತು ಪ್ರತಿ ಭೇಟಿಯ ವರದಿ ನನ್ನ ಮೊಬೈಲಿಗೆ. ಐದು ತಿಂಗಳು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇಂಥ ಸೇವೆಗಳ ಕರಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವಾದ್ದರಿಂದ ಸಂಸ್ಥೆಯ ಹೆಸರನ್ನು ಬಿಟ್ಟಿದ್ದೇನೆ.

ಕರಪತ್ರದ ಮೊದಲ ಪುಟದಲ್ಲೇ ಒಂಟಿತನವು ದಿನಕ್ಕೆ 15 ಸಿಗರೇಟು ಸೇದಿದಷ್ಟು ಕೆಟ್ಟದ್ದು ಎಂಬ ಸಾಲು ದಪ್ಪಕ್ಷರದಲ್ಲಿತ್ತು. ನನ್ನಿಂದ ಸಹಿ ಹಾಕಿಸಿದ್ದು ಬಹುಶಃ ಆ ಸಾಲೇ. ಆಮೇಲೆ ಅದರ ಮೂಲವನ್ನು ಹುಡುಕಿಕೊಂಡು ಹೋದೆ. ಅಮೆರಿಕದ ಮನೋವಿಜ್ಞಾನಿ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳನ್ನು, ಅಂದರೆ ಮೂರು ಲಕ್ಷಕ್ಕೂ ಮಿಕ್ಕಿದ ಜನರ ಮಾಹಿತಿಯನ್ನು ಒಟ್ಟುಗೂಡಿಸಿ, ಸಾಮಾಜಿಕ ಸಂಬಂಧಗಳು ಗಟ್ಟಿಯಾಗಿರುವವರು ಬದುಕುಳಿಯುವ ಸಾಧ್ಯತೆ ಶೇ. 50ರಷ್ಟು ಹೆಚ್ಚು (ಅಂದರೆ ಅನುಪಾತ 1.5) ಎಂದು ಕಂಡುಕೊಂಡಿದ್ದರು. ಆದರೆ ಅದೇ ಲೇಖನದ ಇನ್ನೊಂದು ಲೆಕ್ಕ ಯಾವ ಕರಪತ್ರದಲ್ಲೂ ಬರುವುದಿಲ್ಲ. ಮನೆಯಲ್ಲಿ ಒಬ್ಬರೇ ಇದ್ದಾರೆಯೇ, ಜೊತೆಗೆ ಯಾರಾದರೂ ಇದ್ದಾರೆಯೇ ಎಂದಷ್ಟೇ ಕೇಳಿದ ಅಧ್ಯಯನಗಳಲ್ಲಿ ಆ ಅನುಪಾತ ಬರೀ 1.19, ಹಲವು ಬಗೆಯ ಸಂಬಂಧಗಳಲ್ಲಿ ವ್ಯಕ್ತಿ ಎಷ್ಟು ಬೆರೆತಿದ್ದಾನೆ ಎಂದು ವಿವರವಾಗಿ ಅಳೆದವುಗಳಲ್ಲಿ 1.91. ನಾನು ಹೆದರಿದ್ದು ಮೊದಲನೆಯದಕ್ಕೆ, ಸೇವೆ ತುಂಬಿಸಿಕೊಡಲು ಬಂದದ್ದೂ ಅದನ್ನೇ, ಅಂದರೆ ಖಾಲಿ ಮನೆಯೊಳಗೆ ಇನ್ನೊಬ್ಬ ಮನುಷ್ಯನನ್ನು.

ಎರಡನೆಯದು ಏನೆಂದು ಅರ್ಥವಾಗಬೇಕಾದರೆ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಶೆಲ್ಡನ್ ಕೊಹೆನ್ ಅವರು 1997ರಲ್ಲಿ ಪ್ರಕಟಿಸಿದ ನೆಗಡಿಯ ಪ್ರಯೋಗವನ್ನು ನೋಡಬೇಕು. 18ರಿಂದ 55 ವಯಸ್ಸಿನ 276 ಮಂದಿ ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ನೆಗಡಿಯ ವೈರಾಣುಗಳಿದ್ದ ಹನಿಗಳನ್ನು ಹಾಕಿ, ಅವರನ್ನು ಪ್ರತ್ಯೇಕವಾಗಿ ಇರಿಸಿ, ಯಾರಿಗೆ ನೆಗಡಿಯಾಗುತ್ತದೆಂದು ನೋಡಿದರು. ಅದಕ್ಕೆ ಮೊದಲು ಅವರನ್ನು ಹನ್ನೆರಡು ಬಗೆಯ ಸಂಬಂಧಗಳ ಬಗ್ಗೆ ಕೇಳಿದ್ದರು: ಸಂಗಾತಿ, ತಂದೆತಾಯಿ, ಅತ್ತೆಮಾವ, ಮಕ್ಕಳು, ಇತರ ಬಂಧುಗಳು, ನೆರೆಯವರು, ಗೆಳೆಯರು, ಸಹೋದ್ಯೋಗಿಗಳು, ಸಹಪಾಠಿಗಳು, ಸೇವಾಕಾರ್ಯದ ಜೊತೆಗಾರರು, ಸಂಘಸಂಸ್ಥೆಯವರು, ಧಾರ್ಮಿಕ ಬಳಗದವರು. ಎರಡು ವಾರಕ್ಕೊಮ್ಮೆಯಾದರೂ ಎದುರಿಗೋ ಫೋನಿನಲ್ಲೋ ಮಾತಾಗಿದ್ದರೆ ಮಾತ್ರ ಆ ಸಂಬಂಧ ಲೆಕ್ಕಕ್ಕೆ. ಆರು ಅಥವಾ ಹೆಚ್ಚು ಬಗೆಯ ಸಂಬಂಧಗಳಿದ್ದವರಿಗೆ ಹೋಲಿಸಿದರೆ ಒಂದರಿಂದ ಮೂರು ಬಗೆ ಮಾತ್ರ ಇದ್ದವರಿಗೆ ನೆಗಡಿಯ ಅಪಾಯ 4.2 ಪಟ್ಟು ಇತ್ತು. ಒಟ್ಟು ಎಷ್ಟು ಜನರ ಪರಿಚಯವಿದೆ ಎಂಬುದಕ್ಕಿಂತ ಎಷ್ಟು ಬಗೆಯ ಸಂಬಂಧಗಳಿವೆ ಎಂಬುದಕ್ಕೆ ಅಲ್ಲಿ ತೂಕ ಹೆಚ್ಚು.

ಅಪ್ಪನ ವಯಸ್ಸಿನವರು ಆ ಪ್ರಯೋಗದಲ್ಲಿರಲಿಲ್ಲ. ಆದರೂ ಒಂದು ಭಾನುವಾರ ಅವರೊಡನೆ ಕುಳಿತು ಹನ್ನೆರಡನ್ನೂ ಎಣಿಸಿದೆ. ಮಗನಾಗಿ ನಾನು ಒಂದು. ಕಾಪುವಿನಿಂದ ವಾರಕ್ಕೊಮ್ಮೆ ಫೋನ್ ಮಾಡುವ ಅತ್ತೆ ಎರಡು. ಎದುರು ಮನೆಯ ಮರಾಠಿ ಅಜ್ಜಿ ಅಮ್ಮನ ಗೆಳತಿ. ಈಗ ಬಾಗಿಲಲ್ಲಿ ಕಂಡರೆ ತಲೆಯಾಡಿಸುತ್ತಾರೆ, ಅರ್ಧ ಎನ್ನೋಣ. ಹೋಟೆಲಿನ ಜೊತೆಗಾರರಲ್ಲಿ ಇಬ್ಬರು ಊರು ಸೇರಿದ್ದಾರೆ, ಮಿಕ್ಕವರು ಇಲ್ಲ. ಹಗಲು ತಟ್ಟೆ ಎತ್ತಿ ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು ಅಪ್ಪ. ಆ ಸಹಪಾಠಿಗಳ ಹೆಸರುಗಳನ್ನು ಹಾಜರಿ ಪುಸ್ತಕದ ಕ್ರಮದಲ್ಲೇ ಹೇಳಿದರು, ಫೋನ್ ಸಂಖ್ಯೆ ಮಾತ್ರ ಒಬ್ಬರದೂ ಇರಲಿಲ್ಲ. ಮಾಟುಂಗದ ತಾಳಮದ್ದಲೆ, ಶನಿವಾರದ ಶನಿಪೂಜೆ ಸಮಿತಿಯ ಗ್ರಂಥ ಪಾರಾಯಣ ಎರಡೂ ಮೊಣಕಾಲು ನೋವಿನೊಡನೆ ನಿಂತಿದ್ದವು. ಲೆಕ್ಕ ಮುಗಿದಾಗ ಎರಡೂವರೆ. ತಿಂಗಳಿಗೆ 6,500 ಕೊಟ್ಟು ತರಿಸುತ್ತಿದ್ದ ಹುಡುಗನಿಗೆ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಹಾಗೆಂದು ಸೇವೆ ಕೆಲಸಕ್ಕೆ ಬಾರದ್ದು ಎಂದರೆ ಅನ್ಯಾಯವಾಗುತ್ತದೆ. ಹಗಲುರಾತ್ರಿಯ ಆ ಫೋನ್ ಸಂಖ್ಯೆಯನ್ನು ಅಪ್ಪ ಕ್ಯಾಲೆಂಡರಿನ ಪಕ್ಕ ದೊಡ್ಡ ಅಂಕಿಗಳಲ್ಲಿ ಬರೆದು ಅಂಟಿಸಿದ್ದಾರೆ. ಐದು ತಿಂಗಳಲ್ಲಿ ಒಮ್ಮೆಯೂ ಅದಕ್ಕೆ ಕರೆ ಮಾಡಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ನನಗೆ ಫೋನ್ ಮಾಡುವುದು ಮೊದಲ ತಿಂಗಳಲ್ಲೇ ನಿಂತಿತು. ಕೊಹೆನ್ ಮತ್ತು ಥಾಮಸ್ ವಿಲ್ಸ್ 1985ರ ತಮ್ಮ ಪ್ರಸಿದ್ಧ ವಿಮರ್ಶಾಲೇಖನದಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿದ್ದರು. ಜನರೊಡನೆ ಬೆರೆತಿರುವುದು ಕಷ್ಟವಿದ್ದಾಗಲೂ ಇಲ್ಲದಾಗಲೂ ಒಳಿತು ಮಾಡುತ್ತದೆ. ಬೇಕಾದಾಗ ನೆರವು ಸಿಗುತ್ತದೆ ಎಂಬ ನಂಬಿಕೆಯಾದರೋ ಮುಖ್ಯವಾಗಿ ಒತ್ತಡದ ಹೊತ್ತಿನಲ್ಲಿ ಅದರ ಪೆಟ್ಟನ್ನು ತಗ್ಗಿಸುತ್ತದೆ. ಗೋಡೆಯ ಮೇಲಿನ ಹತ್ತು ಅಂಕಿಗಳು ಈ ಎರಡನೆಯ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿವೆ. ಸೇವೆಯ ಅತ್ಯುತ್ತಮ ಭಾಗ ಇದೇ, ಮತ್ತು ಕರಪತ್ರದಲ್ಲಿ ಇದಕ್ಕೆ ಸಿಕ್ಕಿರುವುದು ಕೊನೆಯ ಪುಟದ ಒಂದು ಸಾಲು.

ಕೆಟ್ಟ ಭಾಗವೆಂದರೆ ವರದಿ. ಪ್ರತಿ ಭೇಟಿಯಲ್ಲೂ ಹುಡುಗ ಅಪ್ಪನ ಪಕ್ಕ ನಿಂತು ಫೋಟೊ ತೆಗೆಯಬೇಕು, ಮಾತ್ರೆ ಕೊಟ್ಟದ್ದನ್ನು, ಪತ್ರಿಕೆ ಓದಿ ಹೇಳಿದ್ದನ್ನು ಗುರುತು ಹಾಕಬೇಕು. ದುಡ್ಡು ಕೊಟ್ಟ ಮಗನಿಗೆ ಸಾಕ್ಷಿ ಬೇಕೆಂಬ ವ್ಯಾಪಾರದ ತರ್ಕ ನನಗೆ ತಿಳಿಯದ್ದಲ್ಲ. ಆದರೆ ಒಬ್ಬರಿಗೆ ಮಾಡುವ ಸಹಾಯವನ್ನು ಪ್ರತಿ ಸಲವೂ ಅವರ ಮುಂದೆಯೇ ಎಣಿಸಿದರೆ ಏನಾಗುತ್ತದೆ? ನ್ಯೂಯಾರ್ಕ್ ರಾಜ್ಯದ ವಕೀಲಿ ಪರೀಕ್ಷೆಗೆ ಕುಳಿತವರು ಮತ್ತು ಅವರ ಸಂಗಾತಿಗಳು ದಿನದಿನವೂ ಬರೆದ ದಿನಚರಿಗಳನ್ನು ನೀಲ್ ಬೋಲ್ಗರ್ ಮತ್ತು ಸಂಗಡಿಗರು ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದ್ದರು: ಸಂಗಾತಿ ನೆರವಾದೆನೆಂದು ಬರೆದು, ಪರೀಕ್ಷಾರ್ಥಿಗೆ ಅದು ಗಮನಕ್ಕೇ ಬಾರದಿದ್ದ ನೆರವು ಮನಸ್ಸನ್ನು ಹೆಚ್ಚು ಹಗುರಗೊಳಿಸಿತ್ತು, ಕಣ್ಣಿಗೆ ಬಿದ್ದ ನೆರವಿನ ಜೊತೆಗೆ ತಾನು ಅಸಮರ್ಥನೆಂಬ ಭಾವವೂ ಬರಬಹುದು. ನಲವತ್ತು ವರ್ಷ ಇತರರ ಲೆಕ್ಕ ಬರೆದ ಮನುಷ್ಯನಿಗೆ ತಾನೇ ಒಂದು ಲೆಕ್ಕದ ಸಾಲಾಗುವುದು ಹೇಗಿರುತ್ತದೆಂದು ಮೂರನೆಯ ಫೋಟೊದಲ್ಲಿದ್ದ ಅವರ ಮುಖ ನೋಡಿದಾಗ ನನಗೆ ಗೊತ್ತಾಯಿತು.

ಅದಕ್ಕಿಂತ ದೊಡ್ಡ ಜಗಳ ಕಾಫಿಯದ್ದು. ಸಿಬ್ಬಂದಿ ಗ್ರಾಹಕರ ಮನೆಯಲ್ಲಿ ಏನನ್ನೂ ಸ್ವೀಕರಿಸಬಾರದೆಂಬುದು ಸಂಸ್ಥೆಯ ನಿಯಮ. ಮೊದಲ ದಿನ ಅಪ್ಪ ಫಿಲ್ಟರ್ ಕಾಫಿ ಮಾಡಿ ಲೋಟ ಮುಂದಿಟ್ಟರೆ ಹುಡುಗ ಕೈಮುಗಿದು ಬೇಡವೆಂದ. ಮೂರು ಭೇಟಿಗಳಲ್ಲೂ ಹೀಗೇ ಆಯಿತು. ನಾಲ್ಕನೆಯದಕ್ಕೆ ಅಪ್ಪ ಬಾಗಿಲೇ ತೆರೆಯಲಿಲ್ಲ. ‘ಮನೆಗೆ ಬಂದವನು ನೀರೂ ಕುಡಿಯದೆ ಹೋದರೆ ಅವನು ಬಂದದ್ದು ಯಾಕೆ?’ ಎಂದು ನನ್ನನ್ನೇ ಕೇಳಿದರು. ನಿಯಮದ ಹಿಂದೆ ಕಳ್ಳತನ, ವಂಚನೆಗಳ ಭಯವಿದೆ, ಸರಿ. ಆದರೆ ಅದು ಹಿರಿಯರನ್ನು ಬರೀ ಪಡೆಯುವವರನ್ನಾಗಿ ಮಾಡಿಬಿಡುತ್ತದೆ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸ್ಟೆಫನಿ ಬ್ರೌನ್ ಮತ್ತು ಸಂಗಡಿಗರು 423 ವೃದ್ಧ ದಂಪತಿಗಳನ್ನು ಐದು ವರ್ಷ ಗಮನಿಸಿ 2003ರಲ್ಲಿ ಬರೆದದ್ದು ಇದಕ್ಕೆ ನೇರವಾಗಿ ತಾಗುತ್ತದೆ: ಆ ಅವಧಿಯಲ್ಲಿ ಸಾವಿನ ಅಪಾಯ ಕಡಿಮೆಯಿದ್ದದ್ದು ಗೆಳೆಯರಿಗೆ, ಬಂಧುಗಳಿಗೆ, ನೆರೆಯವರಿಗೆ ಅಥವಾ ಸಂಗಾತಿಗೆ ನೆರವು ಕೊಡುತ್ತಿದ್ದವರಿಗೆ; ಕೊಡುವುದನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಪಡೆಯುವುದರಿಂದ ಅಂಥ ಲಾಭ ಕಾಣಲಿಲ್ಲ. ಆರೋಗ್ಯ ಚೆನ್ನಾಗಿರುವವರೇ ಹೆಚ್ಚು ಕೊಡಬಲ್ಲರು ಎಂಬ ಆಕ್ಷೇಪ ಸಹಜ. ಲೇಖಕರು ಆರೋಗ್ಯದ ವ್ಯತ್ಯಾಸಗಳನ್ನೂ ಗಣನೆಗೆ ತೆಗೆದುಕೊಂಡಿದ್ದರು.

ಭೇಟಿಯ ಕೊನೆಗೆ ‘ಇಂದು ನಿಮ್ಮ ಮನಸ್ಸು ಹೇಗಿದೆ, ಒಂದರಿಂದ ಐದು’ ಎಂಬ ಪ್ರಶ್ನೆಯೂ ಇದೆ. ಅಪ್ಪನ ಉತ್ತರ ಯಾವಾಗಲೂ ಐದು. ಬಾಗಿಲು ತೆರೆಯದ ವಾರದಲ್ಲೂ ಫೋನಿನಲ್ಲಿ ಐದೇ. ಶೆಲ್ಲಿ ಟೇಲರ್ ಮತ್ತು ಹೀಜಂಗ್ ಕಿಮ್ ಅವರ ಅಧ್ಯಯನಗಳಲ್ಲಿ ಏಷ್ಯಾ ಮೂಲದ ಅಮೆರಿಕನ್ನರು ಕಷ್ಟವನ್ನು ಬಿಡಿಸಿ ಹೇಳಿ ನೆರವು ಕೇಳುವುದಕ್ಕಿಂತ ತಮ್ಮವರ ನಡುವೆ ಸುಮ್ಮನೆ ಇರುವುದರಿಂದ ಹೆಚ್ಚು ಸಮಾಧಾನ ಪಡೆದಿದ್ದರು. ಈ ಪ್ರಶ್ನೆಯನ್ನು ಕೈಬಿಟ್ಟರೆ ಯಾರಿಗೂ ನಷ್ಟವಿಲ್ಲ.

ಉಳಿದಂತೆ ಹುಡುಗ ಸಮಯಕ್ಕೆ ಸರಿಯಾಗಿ ಬರುತ್ತಾನೆ, ವಿನಯವಂತ. ಕನ್ನಡ ಬಲ್ಲವರನ್ನು ಕಳುಹಿಸುತ್ತೇವೆಂದು ಕೊಟ್ಟ ಮಾತು ಈಡೇರಲಿಲ್ಲ, ಆದರೆ ಅಪ್ಪನ ಮರಾಠಿ ನನ್ನದಕ್ಕಿಂತ ಚೆನ್ನಾಗಿದೆ. ರದ್ದಾದ ಭೇಟಿಯ ಹಣ ಮರಳಿಸಲು ಆರು ವಾರ ಹಿಡಿಯಿತು.

ಮೂರನೆಯ ತಿಂಗಳಲ್ಲಿ ಮೇಲ್ವಿಚಾರಕಿಯೊಡನೆ ಮಾತಾಡಿ ಫೋಟೊ ನಿಲ್ಲಿಸಿದೆ ಮತ್ತು ಚಹಾ-ಕಾಫಿಗೆ ವಿನಾಯಿತಿಯನ್ನು ಬರಹದಲ್ಲಿ ಪಡೆದೆ. ಕೇಳಿದರೆ ಕೊಡುತ್ತಾರೆ, ತಾವಾಗಿ ಹೇಳುವುದಿಲ್ಲ. ಹುಡುಗ ಬಿ.ಕಾಂ. ಓದುತ್ತಿದ್ದಾನೆಂದು ಕಾಫಿ ಕುಡಿಯುವಾಗ ಗೊತ್ತಾಗಿ, ಈಗ ಎರಡು ಗಂಟೆಯಲ್ಲಿ ಒಂದು ಗಂಟೆ ಜಮಾಖರ್ಚಿನ ಪಾಠ ನಡೆಯುತ್ತದೆ. ಎರಡು ಭೇಟಿಗಳ ಬದಲು ವಾರಕ್ಕೆ ಒಂದೇ ಇರುವ 3,800 ರೂಪಾಯಿಯ ಯೋಜನೆಗೆ ಇಳಿದಿದ್ದೇವೆ, ಅದನ್ನೂ ಶನಿವಾರ ಸಂಜೆಗೆ ಹಾಕಿಸಿಕೊಂಡಿದ್ದೇವೆ. ಹುಡುಗ ಅಪ್ಪನನ್ನು ಮೂರು ಮಾಳಿಗೆ ನಿಧಾನವಾಗಿ ಇಳಿಸಿ, ರಿಕ್ಷಾದಲ್ಲಿ ಪೂಜಾ ಸಮಿತಿಗೆ ಮುಟ್ಟಿಸಿ, ಪಾರಾಯಣ ಮುಗಿಯುವವರೆಗೆ ಹೊರಗೆ ಓದುತ್ತ ಕುಳಿತು ಮರಳಿ ಕರೆತರುತ್ತಾನೆ. ತಂದೆತಾಯಿಗಾಗಿ ಇಂಥ ಸೇವೆಯನ್ನು ಯೋಚಿಸುತ್ತಿರುವವರು ಅತ್ಯಂತ ಚಿಕ್ಕ ಯೋಜನೆಯನ್ನೇ ಕೊಳ್ಳಲಿ, ಮತ್ತು ಅದನ್ನು ಮನೆಯಿಂದ ಹೊರಗೆ ಹೋಗುವುದಕ್ಕೆ ಬಳಸಲಿ. ಕಳೆದ ಶನಿವಾರ ಸಮಿತಿಯಲ್ಲಿ ರಾತ್ರಿ ಶಾಲೆಯ ಹಳೆಯ ಸಹಪಾಠಿಯೊಬ್ಬರು ಸಿಕ್ಕರಂತೆ. ಅವರ ಫೋನ್ ಸಂಖ್ಯೆ ಈಗ ಕ್ಯಾಲೆಂಡರಿನ ಪಕ್ಕ ಸಂಸ್ಥೆಯ ಸಂಖ್ಯೆಯ ಕೆಳಗಿದೆ, ಅದಕ್ಕೆ ಅಪ್ಪ ಎರಡು ಸಲ ಕರೆಯನ್ನೂ ಮಾಡಿದ್ದಾರೆ.